ಹೃದಯಶಬ್ದವೂ ಹೃದಯವೆಂಬ ಅವಯವವೂ

ಅಮರಕೋಶವನ್ನು ಬಾಲ್ಯದಲ್ಲಿ ಕಂಠಪಾಠ ಮಾಡಿದವರಿಗೆ ಹೃದಯಶಬ್ದವು ಅದರಲ್ಲಿ ಎರಡು ಕಡೆ ಬರುವುದೆಂಬುದು ವಿದಿತವಾಗಿಯೇ ಇದೆ. ಪ್ರಥಮಕಾಂಡದಲ್ಲಿ ಚಿತ್ತ, ಮಾನಸ ಮುಂತಾದುವುಗಳ ಪಂಕ್ತಿಯಲ್ಲಿ ಒಮ್ಮೆ; ದ್ವಿತೀಯಕಾಂಡದ ಮನುಷ್ಯವರ್ಗದಲ್ಲಿ ಮೇದಸ್ಸು, ವಸೆ ಇತ್ಯಾದಿ ದೇಹಧಾತುಗಳ ನೆರೆಯಲ್ಲಿ ಇನ್ನೊಮ್ಮೆ. ಕೋಶಕಾರನು ಎರಡನ್ನೂ ಬೆರಸಲಿಲ್ಲ. ಕಾವ್ಯಪಾಠ ಹೇಳುವ ನಾವು ಮಾತ್ರ ಮೊದಲನೆಯ ಹೃದಯದಲ್ಲಿಯೇ ನಿಂತು, ಎರಡನೆಯದನ್ನು ವೈದ್ಯರ ಪಾಲಿಗೆ ಬಿಟ್ಟುಕೊಟ್ಟಿದ್ದೇವೆ. ಸಹೃದಯತ್ವವನ್ನು ಕುರಿತು ಮೂವತ್ತು ವರ್ಷ ಪಾಠ ಹೇಳಿದ ಈ ಲೇಖಕನಿಗೆ, ತನ್ನ ಎದೆಗೂಡಿನಲ್ಲಿರುವ ಹೃದಯಕ್ಕೆ ಎಷ್ಟು ಕೋಣೆಗಳೆಂಬುದು ಐವತ್ತು ಕಳೆದ ಮೇಲೆ ತಿಳಿಯಿತು. ಹಾಗೆ ತಿಳಿಯಬೇಕಾಗಿ ಬಂದ ಸಂದರ್ಭವನ್ನು ಮುಂದೆ ಹೇಳುವೆನು.

ಮೊದಲಿಗೆ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಬೃಹದಾರಣ್ಯಕದ ಐದನೆಯ ಅಧ್ಯಾಯದಲ್ಲಿ ಹೃದಯವನ್ನು ಮೂರು ಅಕ್ಷರಗಳಾಗಿ ಒಡೆದು, ಮೊದಲನೆಯದಕ್ಕೆ ತರುವುದೆಂದೂ ಎರಡನೆಯದಕ್ಕೆ ಕೊಡುವುದೆಂದೂ ಮೂರನೆಯದಕ್ಕೆ ಹೋಗುವುದೆಂದೂ ಅರ್ಥ ಹೇಳಿದೆಯಷ್ಟೆ. ರಕ್ತವನ್ನು ತರಿಸಿಕೊಂಡು, ಕೊಟ್ಟು, ಸಂಚರಿಸುವಂತೆ ಮಾಡುವ ಅವಯವವೆಂದು ಇದನ್ನು ವ್ಯಾಖ್ಯಾನಿಸಿ, ರಕ್ತಪರಿಚಲನೆಯನ್ನು ನಮ್ಮ ಋಷಿಗಳು ಕಂಡಿದ್ದರೆಂದು ಹಲವರು ಬರೆದಿದ್ದಾರೆ. ನಾನೂ ಬ್ರಹ್ಮಾವರದ ಒಂದು ಸಭೆಯಲ್ಲಿ ಹಾಗೆಯೇ ಉಪನ್ಯಾಸ ಮಾಡಿ ಚಪ್ಪಾಳೆ ಪಡೆದವನು. ಸಭೆ ಮುಗಿದ ಮೇಲೆ ನಿವೃತ್ತ ವೈದ್ಯರೊಬ್ಬರು ಬಳಿಗೆ ಬಂದು, “ಪಂಡಿತರೇ, ಆ ವಾಕ್ಯದಲ್ಲಿ ತರುವವರು ಯಾರು, ಹೋಗುವುದು ಎಲ್ಲಿಗೆ?” ಎಂದಿಷ್ಟೇ ಕೇಳಿದರು. ಮನೆಗೆ ಬಂದು ಗ್ರಂಥವನ್ನು ತೆರೆದೆನು. ತರುವವರು, ಕೊಡುವವರು ಉಪಾಸಕನ ಸ್ವಜನರೂ ಇತರರೂ, ಹೋಗುವುದು ಸ್ವರ್ಗಲೋಕಕ್ಕೆ. ಪ್ರಕರಣವು ಉಪಾಸನೆಯದು, ಶಾರೀರದ್ದಲ್ಲ. ಪ್ರಕರಣವನ್ನು ಬಿಟ್ಟು ಅರ್ಥ ಮಾಡಬಾರದೆಂದು ಶಿಷ್ಯರಿಗೆ ಕಲಿಸುವ ನಾನೇ ಪ್ರಕರಣವನ್ನು ಬಿಟ್ಟಿದ್ದೆನು.

ಪೂರ್ವಿಕರು ನಿಜವಾಗಿ ಹೇಳಿದ್ದೇನೆಂಬುದು ಅದಕ್ಕಿಂತ ಸ್ವಾರಸ್ಯವಾದದ್ದು. ಸುಶ್ರುತನು ಹೃದಯವನ್ನು ಅಧೋಮುಖವಾದ ಕಮಲಕ್ಕೆ ಹೋಲಿಸಿ, ಎಚ್ಚರದಲ್ಲಿ ಅರಳುವುದೆಂದೂ ನಿದ್ರೆಯಲ್ಲಿ ಮುಚ್ಚುವುದೆಂದೂ ಹೇಳಿದನು. ಸ್ತನಗಳ ನಡುವೆ, ಆಮಾಶಯದ ದ್ವಾರದಲ್ಲಿ ಅದರ ಸ್ಥಾನವೆಂದನು. ಅಲ್ಲಿ ಪೆಟ್ಟು ಬಿದ್ದರೆ ಕೂಡಲೇ ಪ್ರಾಣಹರವೆಂದು ಮರ್ಮಗಳಲ್ಲಿ ಎಣಿಸಿದನು. ಚರಕಸಂಹಿತೆಯು ಅದರಿಂದ ಹತ್ತು ಮಹಾಧಮನಿಗಳು ಹೊರಡುವುವೆನ್ನುತ್ತದೆ. ಧಮನಿ ಎಂಬ ಶಬ್ದವೇ ಊದು ಎಂಬರ್ಥದ ಧಾತುವಿನಿಂದ ಬಂದದ್ದು. ಗ್ರೀಕರೂ ಈ ನಾಳಗಳಲ್ಲಿ ಗಾಳಿ ತುಂಬಿದೆಯೆಂದೇ ಬಗೆದಿದ್ದರು. ಸತ್ತ ಶರೀರವನ್ನು ಸೀಳಿದಾಗ ಅವು ಬರಿದಾಗಿ ಕಾಣುವುದರಿಂದ ಆ ಭ್ರಮೆ ಸಹಜ. ಇನ್ನು ನಾಡೀಪರೀಕ್ಷೆ. ಇದು ಚರಕಸುಶ್ರುತರಲ್ಲಿ ಇಲ್ಲ. ಬಹುಕಾಲಾನಂತರದ ಶಾರ್ಙ್ಗಧರಸಂಹಿತೆಯಲ್ಲಿ ಹಾವಿನ, ಕಪ್ಪೆಯ, ಹಂಸದ ನಡಿಗೆಗಳ ಉಪಮೆಯೊಡನೆ ಕಾಣುತ್ತದೆ. ರಕ್ತವು ಹೊರಟ ಸ್ಥಳಕ್ಕೇ ಸುತ್ತಿ ಬರುವುದೆಂಬ ಸ್ಪಷ್ಟವಾದ ಮಾತು ಇವುಗಳಲ್ಲಿ ಎಲ್ಲಿಯೂ ನನಗೆ ಸಿಕ್ಕಲಿಲ್ಲ.

ಆ ಮಾತನ್ನು ಸಾಧಿಸಿದವನು ಇಂಗ್ಲೆಂಡಿನ ವಿಲಿಯಂ ಹಾರ್ವೆ. ಅವನ ಗ್ರಂಥವು ಪ್ರಕಟವಾದದ್ದು 1628ರಲ್ಲಿ. ಅವನ ವಾದಸರಣಿಯು ಮೀಮಾಂಸಕರಿಗೆ ಹಳೆಯ ಪರಿಚಯದ್ದು. ದೇವದತ್ತನು ಹಗಲು ಉಣ್ಣುವುದಿಲ್ಲ, ಆದರೂ ದಪ್ಪಗಿದ್ದಾನೆ. ಆದುದರಿಂದ ರಾತ್ರಿ ಉಣ್ಣುತ್ತಾನೆಂದು ಕಲ್ಪಿಸಬೇಕು. ಇದು ಅರ್ಥಾಪತ್ತಿ. ಹಾರ್ವೆಯಾದರೋ, ಹೃದಯವು ಒಂದೊಂದು ಬಡಿತಕ್ಕೆ ಹೊರಡಿಸುವ ರಕ್ತವನ್ನು ಅಳೆದು, ಬಡಿತಗಳ ಸಂಖ್ಯೆಯಿಂದ ಗುಣಿಸಿದನು. ಅರ್ಧ ಗಂಟೆಯಲ್ಲಿ ಹೊರಡುವ ರಕ್ತವು ಇಡೀ ದೇಹದಲ್ಲಿರುವುದಕ್ಕಿಂತ ಹೆಚ್ಚಾಯಿತು. ಅಷ್ಟು ರಕ್ತವನ್ನು ಉಂಡ ಅನ್ನವು ಹೊಸದಾಗಿ ಹುಟ್ಟಿಸಲಾರದು; ಆದುದರಿಂದ ಹೋದದ್ದೇ ಮರಳಿ ಬರುತ್ತಿರಬೇಕು. ಮರಳುವ ದಾರಿಯ ಅತಿಸೂಕ್ಷ್ಮನಾಳಗಳನ್ನು ಅವನು ಕಣ್ಣಿನಿಂದ ಕಾಣಲಿಲ್ಲ. 1661ರಲ್ಲಿ ಇಟಲಿಯ ಮಾಲ್ಪೀಘಿಯು ಸೂಕ್ಷ್ಮದರ್ಶಕದಿಂದ ಕಪ್ಪೆಯ ಶ್ವಾಸಕೋಶದಲ್ಲಿ ಅವುಗಳನ್ನು ಕಂಡನು. ಅರ್ಥಾಪತ್ತಿಯಿಂದ ಸಿದ್ಧವಾದದ್ದು ಪ್ರತ್ಯಕ್ಷಕ್ಕೆ ಬಂದಿತು. ನಮ್ಮ ಪಾಠಶಾಲೆಗಳಲ್ಲಿ ದೇವದತ್ತನ ಜತೆಗೆ ಈ ಉದಾಹರಣೆಯನ್ನೂ ಹೇಳಬಹುದೆಂದು ನನ್ನ ಅಭಿಪ್ರಾಯ.

ಈಗ ಅವಯವದ ವಿಚಾರ. ಹೃದಯವು ಅವರವರ ಮುಷ್ಟಿಯಷ್ಟು ಗಾತ್ರದ, ಸುಮಾರು 300 ಗ್ರಾಂ ತೂಕದ ಮಾಂಸದ ಚೀಲ. ಮೇಲೆ ಎರಡು ಹೃತ್ಕರ್ಣಗಳು, ಕೆಳಗೆ ಎರಡು ಹೃತ್ಕುಕ್ಷಿಗಳು. ಎಡಬಲಗಳ ನಡುವೆ ಗೋಡೆ. ದೇಹದಿಂದ ಮರಳಿದ ಮಲಿನರಕ್ತವು ಬಲಗಡೆಗೆ ಬಂದು ಶ್ವಾಸಕೋಶಕ್ಕೆ ಹೋಗುತ್ತದೆ. ಅಲ್ಲಿ ಪ್ರಾಣವಾಯುವನ್ನು ಪಡೆದು ಎಡಗಡೆಗೆ ಬಂದು, ಎಡಕುಕ್ಷಿಯ ಒತ್ತಿನಿಂದ ದೇಹಕ್ಕೆಲ್ಲ ಹರಡುತ್ತದೆ. ವಿಶ್ರಾಂತಿಯಲ್ಲಿ ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರು, ನಿಮಿಷಕ್ಕೆ 72 ಬಡಿತ. ಅಂದರೆ ನಿಮಿಷಕ್ಕೆ 5 ಲೀಟರು, ದೇಹದ ರಕ್ತವೆಲ್ಲ ಒಂದು ಸುತ್ತು ಬಂದಂತಾಯಿತು. ದಿನಕ್ಕೆ ಬಡಿತಗಳು ಲಕ್ಷವನ್ನು ಮೀರುತ್ತವೆ.

ಕೋಣೆಗಳಿಗೆ ನಾಲ್ಕು ಕವಾಟಗಳುಂಟು. ಅವು ಏತಕ್ಕೆಂಬುದನ್ನು ಕುಂದಾಪುರದವರಿಗೆ ವಿವರಿಸುವುದು ಸುಲಭ. ಗಂಗೊಳ್ಳಿಯ ಅಳಿವೆಯಲ್ಲಿ ಪಂಚಗಂಗಾವಳಿಯ ಐದು ನದಿಗಳು ಕೂಡಿ ಸಮುದ್ರವನ್ನು ಸೇರುತ್ತವೆ. ಆದರೆ ಉಬ್ಬರ ಬಂದಾಗ ಉಪ್ಪುನೀರು ಹಿಂದಕ್ಕೆ ನುಗ್ಗಿ ಹೊಳೆಯ ದಂಡೆಯ ಬಾವಿಗಳನ್ನೂ ಕೆಡಿಸುತ್ತದೆ. ನದಿಗೆ ಬಾಗಿಲಿಲ್ಲ. ಹೃದಯಕ್ಕೆ ಬಾಗಿಲುಂಟು, ಅದು ಒಂದೇ ಕಡೆಗೆ ತೆರೆಯುವಂಥದ್ದು. ವೈದ್ಯರು ಎದೆಗೆ ನಾಳವಿಟ್ಟು ಕೇಳುವ ಲಬ್-ಡಬ್ ಎಂಬ ಸದ್ದು ಈ ಬಾಗಿಲುಗಳು ಮುಚ್ಚುವಾಗಿನದು. ಬಾಲ್ಯದ ಗಂಟಲುಬೇನೆಯ ಹಿಂದೆ ಬರುವ ಒಂದು ಬಗೆಯ ಕೀಲುಜ್ವರದಿಂದ ಬಾಗಿಲು ಮುರುಟಿದರೆ ಸದ್ದು ಕೆಟ್ಟು, ಮರ್ಮರವಾಗುತ್ತದೆ.

ಮುಖ್ಯವಾದ ಇನ್ನೊಂದು ಸಂಗತಿ ಇದು. ತನ್ನೊಳಗೆ ಹರಿಯುವ ರಕ್ತದಿಂದ ಹೃದಯದ ದಪ್ಪಮಾಂಸವು ಪೋಷಣೆ ಪಡೆಯುವುದಿಲ್ಲ. ಊರಿಗೆಲ್ಲ ಬಡಿಸುವ ಅಡಿಗೆಯವನಿಗೂ ಬೇರೆ ಎಲೆ ಹಾಕಬೇಕಷ್ಟೆ. ಮಹಾಧಮನಿಯ ಬುಡದಿಂದಲೇ ಕವಲೊಡೆದು ಹೃದಯದ ಹೊರಮೈಯನ್ನು ಕಿರೀಟದಂತೆ ಸುತ್ತುವ ಎರಡು ಸಣ್ಣ ಧಮನಿಗಳು ಅದಕ್ಕೆ ಅನ್ನವನ್ನು ಒಯ್ಯುತ್ತವೆ. ವಯಸ್ಸು, ತಂಬಾಕು, ರಕ್ತದೊತ್ತಡ, ಸಿಹಿಮೂತ್ರ, ರಕ್ತದ ಕೊಬ್ಬು, ಕುಲದಲ್ಲಿ ಬಂದ ದೋಷ ಇವುಗಳಿಂದ ಅವುಗಳ ಒಳಗೋಡೆಯಲ್ಲಿ ಮೇದಸ್ಸು ಕಟ್ಟುತ್ತದೆ. ಆ ಗಂಟು ಒಂದು ದಿನ ಬಿರಿದು, ಅಲ್ಲಿ ರಕ್ತ ಹೆಪ್ಪುಗಟ್ಟಿದರೆ ದಾರಿ ಮುಚ್ಚುತ್ತದೆ. ಅದರಾಚೆಯ ಮಾಂಸವು ಗಳಿಗೆ ಗಳಿಗೆಗೂ ಸಾಯತೊಡಗುತ್ತದೆ. ಇದು ಹೃದಯಾಘಾತ. ಬಡಿತವೇ ನಿಂತುಹೋಗುವುದು ಹೃದಯಸ್ತಂಭನ. ಆಘಾತದಿಂದ ಸ್ತಂಭನವಾಗಬಹುದು, ಬೇರೆ ಕಾರಣದಿಂದಲೂ ಆಗಬಹುದು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರರು 46ರ ವಯಸ್ಸಿನಲ್ಲಿ ತೀರಿಕೊಂಡಾಗ ಪತ್ರಿಕೆಗಳು ಎರಡು ಶಬ್ದಗಳನ್ನೂ ಪರ್ಯಾಯಗಳಂತೆ ಬಳಸಿದುವು. ಭಾಷೆಯನ್ನು ಕಲಿಸುವವರು ಈ ಭೇದವನ್ನು ಉಳಿಸಿಕೊಡಬೇಕು.

ಈಗ ನನ್ನ ಸಂದರ್ಭ. ಬೈಂದೂರು ಸೀಮೆಯ ನನ್ನ ಮಿತ್ರರೊಬ್ಬರು ತಾಳಮದ್ದಳೆಯ ಅರ್ಥಧಾರಿಗಳು. ಕರ್ಣನ ಅರ್ಥ ಹೇಳಿದರೆ ಬೆಳಗಿನವರೆಗೂ ಸಭೆ ಕದಲುತ್ತಿರಲಿಲ್ಲ. ಒಂದು ರಾತ್ರಿ ಕೂಟ ಮುಗಿದ ಮೇಲೆ, ನಾಲ್ಕು ಗಂಟೆಯ ಸುಮಾರಿಗೆ ಎದೆಯ ನಡುವೆ ಕಲ್ಲು ಹೇರಿದಂತಾಗುತ್ತದೆಂದರು. ದವಡೆಗೂ ನೋವು, ಮೈಯೆಲ್ಲ ತಣ್ಣನೆಯ ಬೆವರು. ನಾನು ಗಾಬರಿಯಾದುದನ್ನು ಕಂಡು, “ಎಂತದೂ ಇಲ್ಲೆ ಭಟ್ರೆ, ಬರೀ ವಾಯು. ಓಮದ ಕಷಾಯ ಕುಡ್ದ್ರೆ ಸಮ ಆತ್ತ್” ಎಂದರು. ಕಷಾಯಕ್ಕೆ ಓಮವನ್ನು ಹುರಿದುಕೊಟ್ಟವನು ನಾನೇ. ಆಸ್ಪತ್ರೆಯ ಬಾಗಿಲಿಗೆ ಅವರನ್ನು ಮುಟ್ಟಿಸುವಾಗ ಹತ್ತು ಗಂಟೆ ಕಳೆದಿತ್ತು. ಅಲ್ಲಿಯ ತರುಣ ವೈದ್ಯರ ಮೊದಲ ಪ್ರಶ್ನೆ ನೋವು ಎಷ್ಟಿದೆಯೆಂದಲ್ಲ, ಎಷ್ಟು ಗಂಟೆಗೆ ತೊಡಗಿತೆಂದು. ಆರು ತಾಸು ಎಂದು ಹೇಳುವಾಗ ನನ್ನ ನಾಲಗೆ ತಡವರಿಸಿತು.

ವಾಯುಶಬ್ದದ ಅರ್ಥಸಂಕೋಚವೇ ಈ ಆರು ತಾಸುಗಳನ್ನು ತಿಂದಿತೆಂದು ಆಮೇಲೆ ನನಗೆ ಹೊಳೆಯಿತು. ಚರಕನು ಐದು ಬಗೆಯ ಹೃದ್ರೋಗಗಳನ್ನು ಹೇಳುವಾಗ ವಾತಜವನ್ನೂ ಹೇಳಿದ್ದಾನೆ. ಸುಶ್ರುತನು ಅದರ ನೋವನ್ನು ಎಳೆದಂತೆ, ಚುಚ್ಚಿದಂತೆ, ಕಡೆದಂತೆ, ಸೀಳಿದಂತೆ ಎಂದು ವರ್ಣಿಸಿದ್ದಾನೆ. ಶಾಸ್ತ್ರದಲ್ಲಿ ಎದೆಯಲ್ಲಿ ವಾತವೆಂದರೆ ಎಚ್ಚರಿಕೆಯ ಮಾತು. ನಮ್ಮ ಮನೆಮಾತಿನಲ್ಲಿ ವಾಯುವು ಹೊಟ್ಟೆಯುಬ್ಬರಕ್ಕೆ ಇಳಿದು, ನಿಶ್ಚಿಂತೆಯ ಮಾತಾಗಿದೆ. ಈಗ ಅದರ ಸ್ಥಾನದಲ್ಲಿ ಗ್ಯಾಸ್ಟ್ರಿಕ್ ಎಂಬ ಪದ ಕುಳಿತಿದೆ, ಫಲ ಒಂದೇ. ಹೃದಯವನ್ನು ಆಮಾಶಯದ ಬಾಗಿಲಲ್ಲಿಟ್ಟ ಸುಶ್ರುತನ ಮಾತನ್ನು ನೆನೆದರೆ, ಎರಡರ ನೋವೂ ಒಂದೇ ಎಡೆಯಲ್ಲಿ ತೋರುವುದು ಅಚ್ಚರಿಯಲ್ಲ. ಸ್ತ್ರೀಯರಲ್ಲಿಯೂ ಸಿಹಿಮೂತ್ರದವರಲ್ಲಿಯೂ ನೋವೇ ಇಲ್ಲದೆ ಬರೀ ಏದುಸಿರು, ಓಕರಿಕೆ, ಬಳಲಿಕೆಗಳಿಂದಲೂ ಇದು ಬರಬಹುದೆನ್ನುತ್ತಾರೆ.

ಇವೆರಡನ್ನು ಬೇರ್ಪಡಿಸುವ ಮೊದಲ ಸಾಧನವು ಇ.ಸಿ.ಜಿ. ಹೃದಯದ ಪ್ರತಿಬಡಿತಕ್ಕೂ ಮುನ್ನ ಬಲಕರ್ಣದ ಮೇಲ್ಭಾಗದ ಒಂದು ಸಣ್ಣ ಗ್ರಂಥಿಯಲ್ಲಿ ವಿದ್ಯುತ್ತಿನ ಕಿಡಿ ಹುಟ್ಟಿ ಕೆಳಗಿಳಿಯುತ್ತದೆ. ಅದನ್ನು ಮೈಮೇಲಿಟ್ಟ ಹತ್ತು ತಂತಿಗಳಿಂದ ಹಿಡಿದು, ಹನ್ನೆರಡು ದಿಕ್ಕುಗಳಿಂದ ಕಂಡಂತೆ ಕಾಗದದ ಮೇಲೆ ಗೆರೆಯಾಗಿಸುವರು. ಇದನ್ನು ಬಳಕೆಗೆ ತಂದ ಹಾಲೆಂಡಿನ ಐಂಥೋವನನಿಗೆ 1924ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಕಾಗದವು ಸೆಕೆಂಡಿಗೆ 25 ಮಿಲಿಮೀಟರು ಓಡುತ್ತದೆ. ಮೊದಲು ಕರ್ಣಗಳ ಸಣ್ಣ ಅಲೆ, ಬಳಿಕ ಕುಕ್ಷಿಗಳ ಚೂಪಾದ ಶಿಖರ, ಕೊನೆಗೆ ಅವು ಸಡಿಲಾಗುವ ದುಂಡಲೆ. ವೈದ್ಯರು ಮಿತ್ರರ ಕಾಗದವನ್ನು ತೋರಿಸಿದಾಗ ನನಗೆ ಛಂದಸ್ಸಿನ ಪ್ರಸ್ತಾರವೇ ನೆನಪಾಯಿತು: ಗಣ, ಯತಿ, ಮತ್ತೆ ಗಣ. ಲಯವೇ ಕೆಟ್ಟು ಅಡ್ಡಾದಿಡ್ಡಿಯಾದ ಬಡಿತವೂ ಗೆರೆಯಲ್ಲಿ ಯತಿಭಂಗದಂತೆ ಕಾಣುವುದಂತೆ. ಆದರೆ ಉಪಮೆಯನ್ನು ಇಲ್ಲಿಗೇ ನಿಲ್ಲಿಸುವುದು ಲೇಸು. ಶಿಖರಕ್ಕೂ ದುಂಡಲೆಗೂ ನಡುವೆ ಸಮತಲವಾಗಿರಬೇಕಾದ ತುಂಡು ಮೇಲಕ್ಕೆದ್ದಿತ್ತು. ಅದು ಧಮನಿಯು ಪೂರ್ತಿ ಮುಚ್ಚಿದ ಲಕ್ಷಣ.

ಮೊದಲ ಇ.ಸಿ.ಜಿ. ಸರಿಯಾಗಿದ್ದ ಮಾತ್ರಕ್ಕೆ ರೋಗವಿಲ್ಲವೆಂದು ಹೇಳಲಾಗದು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತೆಗೆಯುವರು. ಸತ್ತ ಮಾಂಸದಿಂದ ರಕ್ತಕ್ಕೆ ಸೋರುವ ಟ್ರೋಪೋನಿನ್ ಎಂಬ ದ್ರವ್ಯವನ್ನು ಅಳೆಯುವರು. ಅದೂ ಏರುವುದಕ್ಕೆ ಕೆಲವು ತಾಸು ಬೇಕು. ಶಬ್ದತರಂಗಗಳಿಂದ ಹೃದಯವು ಮಿಡಿಯುವುದನ್ನೇ ಚಿತ್ರವಾಗಿ ತೋರಿಸುವ ಎಕೋ ಪರೀಕ್ಷೆಯು ಸ್ವೀಡನ್ನಿನಲ್ಲಿ 1953ರಲ್ಲಿ ಹುಟ್ಟಿತು. ಧಮನಿಗೆ ಬಣ್ಣವಿಳಿಸಿ ಕ್ಷಕಿರಣದಲ್ಲಿ ನೋಡುವ ಆಂಜಿಯೋಗ್ರಾಮಿಗೆ ದಾರಿ ಮಾಡಿದವನು ಜರ್ಮನಿಯ ಫೋರ್ಸ್‌ಮನ್. 1929ರಲ್ಲಿ ತನ್ನ ತೋಳಿನ ಸಿರೆಯಿಂದ ತನ್ನ ಹೃದಯಕ್ಕೇ ಕೊಳವೆ ತೂರಿಸಿಕೊಂಡು, ಚಿತ್ರ ತೆಗೆಸಿಕೊಳ್ಳಲು ನಡೆದೇ ಹೋದನಂತೆ! ಸಾಹಸವೋ ಹುಚ್ಚೋ ವಾಚಕರೇ ನಿರ್ಣಯಿಸಲಿ.

ಮುಚ್ಚಿದ ಧಮನಿಯನ್ನು ತೆರೆಯಲು ಎರಡು ಮಾರ್ಗ: ಹೆಪ್ಪನ್ನು ಕರಗಿಸುವ ಚುಚ್ಚುಮದ್ದು, ಇಲ್ಲವೇ ಕೊಳವೆಯ ಮೂಲಕ ಬಲೂನನ್ನು ಉಬ್ಬಿಸಿ ಸ್ಟೆಂಟ್ ಇಡುವುದು. ಮದ್ದನ್ನು ಹನ್ನೆರಡು ತಾಸಿನೊಳಗೆ ಕೊಡಬಹುದಾದರೂ, ಮೊದಲ ಎರಡು ಮೂರು ತಾಸುಗಳಲ್ಲಿ ಸಿಗುವ ಫಲ ಮುಂದೆ ಸಿಗದು. ಈ ಕಾರಣದಿಂದ ನಮ್ಮ ಸೀಮೆಯಲ್ಲಿ ಮೈಲಿಗಲ್ಲುಗಳಿಗೂ ವೈದ್ಯಕೀಯ ಬೆಲೆಯುಂಟು. ಬೈಂದೂರಿನಿಂದ ಮಣಿಪಾಲಕ್ಕೆ ಹೆದ್ದಾರಿಯಲ್ಲಿ ಸುಮಾರು 70 ಕಿಲೋಮೀಟರು. ಘಟ್ಟದ ಬುಡದ ಊರುಗಳಿಂದ ಹೆದ್ದಾರಿಗೆ ಬರುವುದೇ ಇನ್ನೊಂದು ಪಯಣ. ಬ್ರಹ್ಮಾವರದವರಿಗೆ ಅರ್ಧ ಗಂಟೆಯ ದಾರಿ, ಬೈಂದೂರಿನವರಿಗೆ ಅದರ ಎರಡು ಮೂರರಷ್ಟು. 2018ರಲ್ಲಿ ಮಂಗಳೂರಿನ ಹೃದ್ರೋಗತಜ್ಞ ಡಾ. ಪದ್ಮನಾಭ ಕಾಮತರು ಹಳ್ಳಿಯ ಆರೋಗ್ಯಕೇಂದ್ರಗಳಿಗೆ ಇ.ಸಿ.ಜಿ. ಯಂತ್ರಗಳನ್ನು ಒದಗಿಸಿ, ಕಾಗದದ ಚಿತ್ರವನ್ನು ವಾಟ್ಸಾಪಿನಲ್ಲಿ ತರಿಸಿಕೊಂಡು ಸಲಹೆ ಕೊಡುವ ಕ್ರಮವನ್ನು ಆರಂಭಿಸಿದರು. ಪುನೀತರ ಹೆಸರಿನಲ್ಲಿ ಕರ್ನಾಟಕ ಸರಕಾರವು 2023ರಲ್ಲಿ ಪ್ರಕಟಿಸಿದ ಹೃದಯಜ್ಯೋತಿ ಯೋಜನೆಯ ತತ್ತ್ವವೂ ಇದೇ: ತಾಲೂಕಿನಲ್ಲಿ ಗೆರೆ ತೆಗೆದು, ದೂರದ ತಜ್ಞನಿಂದ ಓದಿಸಿ, ಕರಗಿಸುವ ಮದ್ದನ್ನು ಅಲ್ಲಿಯೇ ಕೊಡುವುದು. ಓದುವವನು ದೂರದಲ್ಲಿದ್ದರೂ ಓಲೆಯು ಬೇಗ ಮುಟ್ಟಿದರಾಯಿತು.

ಮಿತ್ರರು ಬದುಕಿಕೊಂಡರು. ಆದರೆ ಎಕೋ ಪರೀಕ್ಷೆಯಲ್ಲಿ, ಎಡಕುಕ್ಷಿಯು ತುಂಬಿಕೊಂಡ ರಕ್ತದಲ್ಲಿ ನೂರಕ್ಕೆ 30 ಪಾಲನ್ನು ಮಾತ್ರ ಹೊರದೂಡುತ್ತದೆಂದು ತಿಳಿಯಿತು. ಸ್ವಸ್ಥನಲ್ಲಿ ಅದು 55ಕ್ಕೆ ಮೇಲಿರಬೇಕು. ಕಂಠ ಮೊದಲಿನಂತೆಯೇ ಇತ್ತು, ಉಸಿರು ಸಾಲದಾಯಿತು. ಒಂದೇ ಗುಕ್ಕಿನಲ್ಲಿ ಹೇಳುತ್ತಿದ್ದ ವಾಕ್ಯವನ್ನು ನಡುವೆ ಎರಡು ಕಡೆ ನಿಲ್ಲಿಸಿ ಹೇಳುವರು. ಹೊಸಬರು ಅದನ್ನು ಭಾವಪೂರ್ಣವಾದ ವಿರಾಮವೆಂದು ಮೆಚ್ಚುವುದೂ ಉಂಟು. ರಾತ್ರಿಯ ಕೂಟಗಳಿಗೆ ವೈದ್ಯರು ಒಪ್ಪಲಿಲ್ಲ. ಕಳೆದ ಸಲ ಅವರ ಮನೆಗೆ ಹೋದಾಗ, ನೋವು ತೊಡಗಿದ ಗಂಟೆಯನ್ನೂ ಆಸ್ಪತ್ರೆಗೆ ಮುಟ್ಟಿದ ಗಂಟೆಯನ್ನೂ ಅಂಚಿನಲ್ಲಿ ಬರೆದ ಆ ದಿನದ ಇ.ಸಿ.ಜಿ. ಕಾಗದವನ್ನು ಪ್ರಸಂಗಪುಸ್ತಕದೊಳಗಿಂದ ತೆಗೆದು ತೋರಿಸಿದರು. ಗೆರೆಗಳು ಮಾಸತೊಡಗಿವೆ, ಗಂಟೆಗಳನ್ನು ಶಾಯಿಯಲ್ಲಿ ಬರೆದುದರಿಂದ ಓದಲು ಬರುತ್ತದೆ.