ಇಪ್ಪತ್ತೈದು ಸೆಕೆಂಡಿನ ಡಿಕಾಕ್ಷನ್

ಎಸ್ಪ್ರೆಸೊ ಯಂತ್ರ ಮನೆಗೆ ಬಂದ ದಿನ, ಫಿಲ್ಟರಿಗೆಂದು ಅಂಗಡಿಯಲ್ಲಿ ಬೀಸಿಸಿ ತಂದಿದ್ದ ಪುಡಿಯನ್ನೇ ತುಂಬಿ ಗುಂಡಿ ಒತ್ತಿದೆ. ಎಂಟೇ ಸೆಕೆಂಡಿನಲ್ಲಿ ಕಪ್ಪಿನ ತುಂಬ ಹಳದಿ ನೀರು ಜರ್ರೆಂದು ಸುರಿಯಿತು. ಕುಡಿದರೆ ಹುಣಸೆಹಣ್ಣು ಕಿವುಚಿದ ಹಾಗೆ. ಮರುದಿನ ಅದೇ ಪುಡಿಯನ್ನು ಮಿಕ್ಸಿಗೆ ಹಾಕಿ ಹಿಟ್ಟು ಮಾಡಿದೆ. ಯಂತ್ರ ಗೊರಗುಟ್ಟಿತೇ ಹೊರತು ಹನಿ ಬೀಳಲಿಲ್ಲ. ಪಕ್ಕದಲ್ಲಿದ್ದ ಅಮ್ಮ, "ಅಷ್ಟು ನುಣ್ಣಗಾದ್ರೆ ಡಿಕಾಕ್ಷನ್ ಇಳಿಯಲ್ಲ ಕಣೋ, ಅಷ್ಟೂ ಗೊತ್ತಿಲ್ವಾ?" ಎಂದರು. ಈ ಕಸುಬಿನ ಮೊದಲ ಪಾಠ ಅದೇ. ನಮ್ಮ ಅಡುಗೆಮನೆಗೆ ಅದು ಹೊಸದೇನಲ್ಲ.

ಫಿಲ್ಟರಿನಲ್ಲಿ ನೀರು ತನ್ನ ಭಾರಕ್ಕೆ ತಾನೇ ಇಳಿಯುತ್ತದೆ, ಅವಸರವಿಲ್ಲ. ಎಸ್ಪ್ರೆಸೊದ್ದು ಅವಸರದ ಜಾಯಮಾನ. 1901ರಲ್ಲಿ ಮಿಲಾನಿನ ಲುಯಿಜಿ ಬೆಜ್ಜೆರಾ ಪೇಟೆಂಟಿಗೆ ಅರ್ಜಿ ಹಾಕಿದ ಯಂತ್ರ ಉಗಿಯ ಬಲದಿಂದ ನೀರನ್ನು ದೂಡುತ್ತಿತ್ತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅದೇ ಊರಿನ ಅಕಿಲೆ ಗಾಜ್ಜಾ ಸ್ಪ್ರಿಂಗ್ ಇರುವ ಸನ್ನೆಕೋಲನ್ನು ಜೋಡಿಸಿದ. ಒತ್ತಡ ಏರಿತು, ಕಪ್ಪಿನ ಮೇಲೆ ಜೇನುಬಣ್ಣದ ನೊರೆ ಕಟ್ಟಿತು. ಆ ನೊರೆಗೆ ಇಟಲಿಯವರು ಕ್ರೆಮಾ ಎನ್ನುತ್ತಾರೆ. ಅದು ದಪ್ಪಗೆ ನಿಲ್ಲಲೆಂದು ಅವರು ತಮ್ಮ ಮಿಶ್ರಣಕ್ಕೆ ರೊಬಸ್ಟಾ ಬೆರೆಸುವುದುಂಟು. ಅದರಲ್ಲಿ ನಮ್ಮ ಕೊಡಗು, ಚಿಕ್ಕಮಗಳೂರಿನ ಕಾಳೂ ಸೇರಿದೆ.

ಇಂದು ರೂಢಿಯಲ್ಲಿರುವ ಒತ್ತಡ 9 ಬಾರ್. ಯಂತ್ರದ ಡಬ್ಬಿಯ ಮೇಲೆ 15 ಬಾರ್ ಎಂದು ದೊಡ್ಡದಾಗಿ ಬರೆದಿದ್ದರೆ ಅದು ಪಂಪಿನ ಶಕ್ತಿ, ಕಾಫಿಯ ಗುಣವಲ್ಲ. ಹೆಚ್ಚಾದಷ್ಟೂ ಒಳ್ಳೆಯದೆಂದು ಯಾರೂ ಮರುಳಾಗಬಾರದು.

ಲೆಕ್ಕ ಸರಳ: 18 ಗ್ರಾಂ ಪುಡಿ, ಕಪ್ಪಿನಲ್ಲಿ 36 ಗ್ರಾಂ ಕಾಫಿ, 25ರಿಂದ 30 ಸೆಕೆಂಡು. ಗ್ರಾಮಿನ ಹತ್ತನೇ ಒಂದು ಭಾಗ ತೋರಿಸುವ ಪುಟ್ಟ ತಕ್ಕಡಿ ಬೇಕೇ ಬೇಕು. ಚಮಚದ ಅಳತೆ ಇಲ್ಲಿ ನಡೆಯದು. ಬೇಗ ಸುರಿದು ಹುಳಿಯಾದರೆ ಇನ್ನಷ್ಟು ಸಣ್ಣಗೆ ಬೀಸಿ. ತೊಟ್ಟಿಕ್ಕಿ ತೊಟ್ಟಿಕ್ಕಿ ಇಳಿದು ಕಹಿಯಾಗಿ, ನಾಲಿಗೆ ಒಗರಿನಿಂದ ಒಣಗಿದರೆ ತುಸು ತರಿಯಾಗಿ ಬೀಸಿ. ಪುಡಿಯ ತೂಕ ಮಾತ್ರ ಅಲುಗಾಡಬಾರದು. ತೂಕ, ಬೀಸು, ಬಿಸಿ ಮೂರನ್ನೂ ಒಟ್ಟಿಗೆ ತಿರುಗಿಸಿದವನಿಗೆ ಯಾವುದರಿಂದ ಏನಾಯಿತೆಂದು ಗೊತ್ತಾಗುವುದೇ ಇಲ್ಲ. ನಾನು ಒಂದು ಇಡೀ ತಿಂಗಳು ಹಾಗೆ ಕಳೆದಿದ್ದೇನೆ. ಇನ್ನೊಂದು ಮಾತು: ಗ್ರೈಂಡರಿನ ಅಳತೆ ಬದಲಿಸಿದಾಗ ಹಳೆಯ ಪುಡಿ ಅದರ ಹೊಟ್ಟೆಯಲ್ಲೇ ಉಳಿದಿರುತ್ತದೆ. ಎರಡು ಮೂರು ಗ್ರಾಂ ಬೀಸಿ ಚೆಲ್ಲದೆ ಹೊಸ ಅಳತೆಯ ರುಚಿ ತಿಳಿಯದು.

ಹುಳಿಯೂ ಕಹಿಯೂ ಒಂದೇ ಗುಟುಕಿನಲ್ಲಿ ಬಂದರೆ? ನನಗೆ ಈ ವಿದ್ಯೆಯ ಮೇಲೆ ಮೋಹ ಹುಟ್ಟಿದ್ದು ಇಲ್ಲಿ. ಗದ್ದೆಯ ಬದು ಎಲ್ಲಿ ಸಡಿಲವೋ ನೀರು ಅಲ್ಲೇ ಕೊರೆಯುತ್ತದೆ. ಒಮ್ಮೆ ಕೊರೆದರೆ ಗದ್ದೆಯ ನೀರೆಲ್ಲ ಅತ್ತಲೇ. ಯಂತ್ರದಲ್ಲಿ ಪುಡಿ ತುಂಬುವ ಬುಟ್ಟಿಯೊಳಗಿನ ಹಾಸಿನಲ್ಲೂ ಹೀಗೇ. ಒಂದು ಕಡೆ ಗಂಟು, ಒಂದು ಕಡೆ ಪೊಳ್ಳು ಇದ್ದರೆ ನೀರು ಪೊಳ್ಳಿನಲ್ಲಿ ದಾರಿ ಮಾಡಿಕೊಳ್ಳುತ್ತದೆ. ದಾರಿಯ ಅಕ್ಕಪಕ್ಕದ ಪುಡಿ ಸಾರವೆಲ್ಲ ಸೋರಿ ಕಹಿ ಬಿಡುತ್ತದೆ, ಉಳಿದದ್ದು ಸರಿಯಾಗಿ ನೆನೆಯುವುದೂ ಇಲ್ಲ. ಇಂಥ ಹೊತ್ತಿನಲ್ಲಿ ಇನ್ನೂ ಸಣ್ಣಗೆ ಬೀಸಿದರೆ ರೋಗ ಹೆಚ್ಚುತ್ತದೆ.

ಮದ್ದು ಕೇಳಿದರೆ ನಗು ಬರುತ್ತದೆ: ಸೂಜಿ. 2005ರಲ್ಲಿ ಜಾನ್ ವೈಸ್ ಎಂಬ ಅಮೆರಿಕದ ಕಾಫಿಪ್ರಿಯರು ಪುಡಿಯನ್ನು ಸೂಜಿಯಿಂದ ಕಲಕಿ ಗಂಟು ಒಡೆಯುವ ಉಪಾಯ ಹೇಳಿದರು. ನಾನು ಬಾಟಲಿಯ ಬೆಂಡಿಗೆ ಐದಾರು ತೆಳು ಸೂಜಿ ಚುಚ್ಚಿ ಇಟ್ಟುಕೊಂಡಿದ್ದೇನೆ. ಬುಟ್ಟಿಯ ತಳ ಮುಟ್ಟುವಂತೆ ಸೂಜಿ ಇಳಿಸಿ, ರಂಗೋಲಿಯ ಸುಳಿ ಎಳೆದ ಹಾಗೆ ಕಲಕುತ್ತ ನಿಧಾನ ಮೇಲೆ ಬರುತ್ತೇನೆ. ಪುಡಿ ಅರಳಿ ಮಟ್ಟಸವಾಗುತ್ತದೆ. ಆಮೇಲೆ ಒತ್ತುವುದು. ಎಷ್ಟು ಜೋರಾಗಿ ಎನ್ನುವುದಕ್ಕಿಂತ ಎಷ್ಟು ನೇರವಾಗಿ ಎನ್ನುವುದೇ ಮುಖ್ಯ. ಓರೆಯಾಗಿ ಒತ್ತಿದರೆ ನೀರು ತೆಳ್ಳಗಿನ ಬದಿಗೇ ಓಡುತ್ತದೆ. ಬೀಸುವ ಮುನ್ನ ಕಾಳಿಗೆ ಒಂದೆರಡು ಹನಿ ನೀರು ಚಿಮುಕಿಸಿದರೂ ಒಳ್ಳೆಯದು. ಬೀಸುವಾಗ ಹುಟ್ಟುವ ವಿದ್ಯುತ್ ಕಣಕಣವನ್ನೂ ಅಂಟಿಸಿ ಗಂಟು ಮಾಡುತ್ತದೆ, ತೇವ ಅದನ್ನು ತಗ್ಗಿಸುತ್ತದೆ. 2023ರಲ್ಲಿ ಒರೆಗಾನ್ ವಿಶ್ವವಿದ್ಯಾಲಯದ ಸಂಶೋಧಕರೂ ಇದನ್ನು ಅಳೆದು ತೋರಿಸಿದರು.

ಯಂತ್ರದ್ದು ಇಷ್ಟೇ: ಬುಟ್ಟಿ ಕೂರುವ ಹಿಡಿಯನ್ನು ಸಿಕ್ಕಿಸಿಯೇ ಕಾಲು ಗಂಟೆ ಕಾಯಲು ಬಿಡಿ. ತಣ್ಣನೆಯ ಲೋಹ ನೀರಿನ ಬಿಸಿ ಕದ್ದರೆ ಹುಳಿ ತಪ್ಪದು. ಕಪ್ಪಗೆ ಹುರಿದ ಕಾಳಿಗೆ 90 ಡಿಗ್ರಿಯ ಆಸುಪಾಸು, ತಿಳಿಯಾಗಿ ಹುರಿದದ್ದಕ್ಕೆ 94.

ಕಾಳಿನ ವಯಸ್ಸನ್ನೂ ನೋಡಬೇಕು. ಹುರಿದ ಮೂರನೇ ದಿನಕ್ಕೆ ಅದರೊಳಗೆ ಅನಿಲ ತುಂಬಿರುತ್ತದೆ. ನೊರೆಯೇ ಅರ್ಧ ಕಪ್ಪು. ಒಂದು ವಾರ, ಹತ್ತು ದಿನ ಬಿಟ್ಟರೆ ಹದಕ್ಕೆ ಬರುತ್ತದೆ. ತಿಂಗಳು ಕಳೆದರೆ ಅದೇ ಬೀಸಿಗೆ ನೀರು ಓಡತೊಡಗುತ್ತದೆ. ಮಳೆ ಹಿಡಿದ ವಾರವಂತೂ ನಿನ್ನೆಯ ಅಳತೆ ಇವತ್ತಿಗೆ ಒಗ್ಗುವುದಿಲ್ಲ. ಯಂತ್ರ ಕೆಟ್ಟಿತೆಂದು ರಿಪೇರಿಯವನಿಗೆ ಫೋನ್ ಮಾಡುವ ಮುಂಚೆ ಕಿಟಕಿಯಾಚೆ ಒಮ್ಮೆ ನೋಡಿ.

ಇದನ್ನೆಲ್ಲ ಓದಿ ಕೊಳ್ಳಲು ಹೊರಟವರಿಗೆ ನನ್ನದೊಂದು ಸಲಹೆ: ದುಡ್ಡು ಒಂದಕ್ಕೇ ಸಾಲುವುದಾದರೆ ಒಳ್ಳೆಯ ಗ್ರೈಂಡರ್ ತನ್ನಿ, ಕೈಯಲ್ಲಿ ತಿರುಗಿಸುವುದಾದರೂ ಸರಿ. ಯಂತ್ರ ಮುಂದಿನ ವರ್ಷ ಬರಲಿ. ಅಲ್ಲಿಯವರೆಗೆ ಫಿಲ್ಟರ್ ಇದ್ದೇ ಇದೆ.