ಕೋಶಕೇಂದ್ರದ ಪೊರೆ: ಒಂದೋ ಎರಡೋ?

ಮುಂಬಯಿಯ ಪರೇಲಿನಲ್ಲಿ 1941ರಲ್ಲಿ ಆರಂಭವಾದ ಟಾಟಾ ಸ್ಮಾರಕ ಆಸ್ಪತ್ರೆಯ ಪ್ರಯೋಗಾಲಯಗಳ ಹೊಣೆಯನ್ನು ಮೊದಲಿಗೆ ಹೊತ್ತವರು ಡಾ. ವಿ. ಆರ್. ಖಾನೋಲ್ಕರ್. ಇಂಥ ಪ್ರಯೋಗಾಲಯಗಳಲ್ಲಿ ರೋಗನಿದಾನ ತಜ್ಞರು ಬಣ್ಣ ಹಾಕಿದ ಜೀವಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವಾಗ ಕೋಶಕೇಂದ್ರದ ಅಂಚನ್ನು ವಿಶೇಷವಾಗಿ ಗಮನಿಸುತ್ತಾರೆ. ಆ ಅಂಚು ಸುಕ್ಕುಗಟ್ಟಿ, ಒಂದೆಡೆ ದಪ್ಪವಾಗಿ ಮತ್ತೊಂದೆಡೆ ತೆಳುವಾಗಿ ಕಂಡರೆ ಕ್ಯಾನ್ಸರಿನ ಶಂಕೆ ಮೂಡುತ್ತದೆ. ಅದೊಂದರಿಂದಲೇ ರೋಗ ನಿರ್ಣಯವಾಗದು, ಕಡೆಗಣಿಸುವಂತೆಯೂ ಇಲ್ಲ.

ಕನ್ನಡದಲ್ಲಿ ಈ ಅಂಚನ್ನು ‘ಕೋಶಕೇಂದ್ರದ ಪೊರೆ’ ಎನ್ನುವುದು ರೂಢಿ. ‘ಪೊರೆ’ ಸೊಗಸಾದ ಮಾತು. ಹಾವಿನ ಪೊರೆ, ಕಣ್ಣಿನ ಪೊರೆ ಎಂದು ಬಳಕೆಯಲ್ಲಿರುವ ಈ ಪದ ಕ್ರಿಯಾಪದವಾದಾಗ ಸಲಹು, ಕಾಪಾಡು ಎಂಬ ಅರ್ಥವನ್ನೂ ಕೊಡುತ್ತದೆ. ಆದರೆ ಇಲ್ಲಿನ ಏಕವಚನ ವಸ್ತುಸ್ಥಿತಿಗೆ ಹೊಂದದು. ಕೋಶಕೇಂದ್ರವನ್ನು ಸುತ್ತುವರಿದಿರುವುದು ಎರಡು ಪೊರೆಗಳು. ಅವುಗಳ ನಡುವೆ 20ರಿಂದ 40 ನ್ಯಾನೊಮೀಟರ್ ತೆರಪಿದೆ. ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗವೇ ನ್ಯಾನೊಮೀಟರ್. ಸುಮಾರು 200 ನ್ಯಾನೊಮೀಟರಿಗಿಂತ ಹತ್ತಿರವಿರುವ ಬಿಂದುಗಳನ್ನು ಸಾಮಾನ್ಯ ಸೂಕ್ಷ್ಮದರ್ಶಕ ಬಿಡಿಸಿ ತೋರಿಸಲಾರದು. ಹೀಗಾಗಿ ಎರಡೂ ಸೇರಿ ಒಂದು ಗೆರೆಯಾಗುತ್ತವೆ. ಆ ಗೆರೆಯಾದರೂ ಪೊರೆಯದೇ ಅಲ್ಲ. ಕೊಬ್ಬಿನಂಶದ ಪೊರೆಗೆ ಹೆಮಟಾಕ್ಸಿಲಿನ್ ಬಣ್ಣ ಹಿಡಿಯುವುದಿಲ್ಲ. ಹಿಡಿಯುವುದು ಒಳಮೈಗೆ ಒತ್ತಿಕೊಂಡಿರುವ ಡಿಎನ್‌ಎ ಪೊತ್ತೆಗೆ. ವೈದ್ಯರು ಪೊರೆಯ ಸುಕ್ಕನ್ನು ಓದುವುದು ಅದರ ಒಳಗಿನ ಸರಕಿನ ಮೂಲಕ!

ಹೊರಪೊರೆ ಕೋಶದೊಳಗೆ ಹಬ್ಬಿರುವ ಎಂಡೋಪ್ಲಾಸ್ಮಿಕ್ ಜಾಲದ ಮುಂದುವರಿಕೆ. ಒಳಪೊರೆಯ ಬೆನ್ನಿಗೆ ಲ್ಯಾಮಿನ್ ಎಂಬ ಪ್ರೋಟೀನಿನ ಹೆಣಿಗೆಯಿದ್ದು, ಕೋಶಕೇಂದ್ರದ ಆಕಾರವನ್ನು ಹಿಡಿದಿಡುತ್ತದೆ. ಮಕ್ಕಳಿಗೆ ಅಕಾಲ ಮುಪ್ಪು ತರುವ ಪ್ರೊಜೀರಿಯ ರೋಗಕ್ಕೆ ಲ್ಯಾಮಿನ್ ಜೀನಿನ ದೋಷವೇ ಕಾರಣವೆಂದು 2003ರಲ್ಲಿ ತಿಳಿದುಬಂದಿತು.

1950ರಲ್ಲಿ ಕ್ಯಾಲನ್ ಮತ್ತು ಟಾಮ್ಲಿನ್ ಎಂಬ ವಿಜ್ಞಾನಿಗಳು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಉಭಯಚರಗಳ ಅಂಡಕೋಶಗಳಲ್ಲಿ ಈ ಆವರಣದ ರಂಧ್ರಗಳನ್ನು ಕಂಡರು. ‘ರಂಧ್ರ’ ಎಂದೊಡನೆ ಬರಿಯ ತೂತು ನೆನಪಾಗುವುದು ಸಹಜ. ವಾಸ್ತವದಲ್ಲಿ ಎರಡೂ ಪೊರೆಗಳು ಕೂಡಿಕೊಳ್ಳುವ ಆ ಜಾಗದಲ್ಲಿ ಸುಮಾರು 30 ಬಗೆಯ ಪ್ರೋಟೀನುಗಳು ಎಂಟು ಎಸಳಿನ ಹೂವಿನಂತೆ ಜೋಡಣೆಗೊಂಡಿವೆ. ಸಣ್ಣ ಅಣುಗಳು ತಡೆಯಿಲ್ಲದೆ ಹಾಯುತ್ತವೆ. ದೊಡ್ಡ ಪ್ರೋಟೀನುಗಳು ಒಳಹೋಗಲು ತಮ್ಮ ರಚನೆಯಲ್ಲೇ ರಹದಾರಿಯಂಥ ಒಂದು ಗುರುತನ್ನು ಹೊತ್ತಿರಬೇಕು ಅಥವಾ ಗುರುತುಳ್ಳ ಮತ್ತೊಂದರ ಜೊತೆಗೂಡಬೇಕು. ಆರ್‌ಎನ್‌ಎ ಸಂದೇಶಗಳು ಹೊರಡುವುದೂ ಇಲ್ಲಿಂದಲೇ. ಕೋಟೆಯ ದಿಡ್ಡಿಬಾಗಿಲಿನ ಕೆಲಸವಿದು. ‘ದ್ವಾರ’ ಎಂಬ ಪದವೇ ಇದಕ್ಕೆ ಹೆಚ್ಚು ಒಪ್ಪುತ್ತದೆ.

ಮಾನವನ ಕೋಶ ವಿಭಜನೆಗೆ ತೊಡಗಿದಾಗ ಈ ಇಡೀ ಕಟ್ಟಡ ಕಳಚಿಕೊಂಡು, ಬಳಿಕ ಎರಡು ಮರಿಕೋಶಗಳಲ್ಲೂ ವರ್ಣತಂತುಗಳ ಸುತ್ತ ಹೊಸದಾಗಿ ಕೂಡಿಕೊಳ್ಳುತ್ತದೆ. ಯೀಸ್ಟಿನಲ್ಲಿ ಮಾತ್ರ ಅದು ಕಳಚುವುದೇ ಇಲ್ಲ. ಕೋಶಕೇಂದ್ರ ಆವರಣಸಹಿತವಾಗಿಯೇ ಎರಡಾಗುತ್ತದೆ.