ಕಲಬುರಗಿ ಊಟ, ಕಮಲಾಪುರದ ಬಾಳೆ

ಕಲಬುರಗಿಯ ರುಚಿ ನೋಡಬೇಕಾ? ಗಾಡಿ ಬಿಡಿ, ನಡೀರಿ. ಮೊದಲು ಖಾನಾವಳಿ. ಅಕ್ಕ ಜೋಳದ ರೊಟ್ಟಿ ಬಡಿದು ಹಂಚಿಗೆ ಹಾಕಿ, ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರ್ತಾರೆ. ತಿರುವಿ ಹಾಕಿದ್ರೆ ಅದು ಪೂರ್ತಿ ಉಬ್ಬುತ್ತೆ. ಜೊತೆಗೆ ಬದನೆ ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಬ್ಯಾಳಿ ಮಾತ್ರ ಬಿಡಲೇಬೇಡಿ. ಇಲ್ಲಿಯ ತೊಗರಿಬೇಳೆಗೆ 2019ರಲ್ಲೇ ಜಿಐ ಟ್ಯಾಗ್ ಸಿಕ್ಕಿದೆ. ಮಾಂಸ ತಿನ್ನೋರಿಗೆ ಬಿಸಿ ತಹರಿ. ಸಿಹಿಗೆ ಮಾಲಪುರಿ.

ಈಗ ಹುಮನಾಬಾದ್ ರಸ್ತೆಯ ಕಮಲಾಪುರಕ್ಕೆ ಬಸ್ ಹತ್ತಿ. ಅಲ್ಲಿಯ ಕೆಂಪು ಬಾಳೆಗೂ ಜಿಐ ಮಾನ್ಯತೆ ಇದೆ. ಸಿಪ್ಪೆ ಕೆಂಪು, ತಿರುಳು ಕೆನೆಬಣ್ಣ, ಘಮ ಬೇರೆಯೇ. ಬೆಳೆ ಕೈಗೆ ಬರೋಕೆ ಸುಮಾರು ಒಂದೂವರೆ ವರ್ಷ ಕಾಯಬೇಕು, ಅದಕ್ಕೇ ಬೆಲೆ ಜಾಸ್ತಿ. ಚೌಕಾಸಿ ಮಾಡದೆ ರೈತರ ಹತ್ತಿರವೇ ಕೊಳ್ಳಿ.